ಸಿಹಿ-ಕಹಿ ತಿಳಿಯದ ಯುಗಾದಿ

2020ರ ಯುಗಾದಿಯಂದು, ಎಂದರೆ ಮಾರ್ಚ್ 25ರ ಬುಧವಾರ, ನಾನು ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ. ಜ್ವರ ಬಂದು ಅದು ನಾಲ್ಕನೆಯ ದಿನ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲನ್ನು ಎರಡು ಸಲ ತಟ್ಟಿದ ಸದ್ದಾಯಿತು. ಅದು ನಾವು ಮಾಡಿಕೊಂಡಿದ್ದ ಗುರುತು. ಹೆಂಡತಿ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಮೆಟ್ಟಿಲಿಳಿದು ಹೋದ ಮೇಲೆ ನಾನು ಬಾಗಿಲು ತೆರೆಯಬೇಕು. ತಟ್ಟೆಯಲ್ಲಿ ಒಂದು ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಪುಟ್ಟ ಬಟ್ಟಲಿನಲ್ಲಿ ಬೇವು-ಬೆಲ್ಲ.

ಆ ಬೇವಿನ ಹೂವು ಅದರ ಹಿಂದಿನ ವರ್ಷ ಊರಿನಿಂದ ಬಂದದ್ದು. ಹೊಳಲ್ಕೆರೆಯ ನಮ್ಮ ಮನೆಯ ಹಿತ್ತಲಿನ ಮರದ ಹೂವನ್ನು ನೆರಳಿನಲ್ಲಿ ಒಣಗಿಸಿ, ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ, ಅಮ್ಮ ನನ್ನ ಸೂಟ್‌ಕೇಸಿನ ಮೂಲೆಗೆ ತುರುಕಿದ್ದರು. “ಅಲ್ಲಿ ಏನೇನು ಸಿಗುತ್ತೋ ಏನೋ, ಇದಂತೂ ಸಿಗಲ್ಲ” ಎಂದಿದ್ದರು. ವೆಂಬ್ಲಿಯ ಈಲಿಂಗ್ ರಸ್ತೆಯ ಅಂಗಡಿಗಳಲ್ಲಿ ನಮ್ಮವರಿಗೆ ಬೇಕಾದದ್ದೆಲ್ಲವೂ ಸಿಗುತ್ತದೆಂದು ನಾನು ಬಾಯಿ ಬಿಡಲಿಲ್ಲ.

ಬೇವು-ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಕಹಿಯೂ ತಿಳಿಯಲಿಲ್ಲ, ಸಿಹಿಯೂ ತಿಳಿಯಲಿಲ್ಲ. ಚಿತ್ರಾನ್ನದ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಇಂಗಿನ ವಾಸನೆಯೂ ಇರಲಿಲ್ಲ. ಕೆಲವೇ ದಿನಗಳ ಹಿಂದೆ ಬ್ರಿಟನ್ನಿನ ಕಿವಿ-ಮೂಗು-ಗಂಟಲು ತಜ್ಞರು, ವಾಸನೆ ಇದ್ದಕ್ಕಿದ್ದಂತೆ ಹೋಗುವುದು ಈ ಹೊಸ ಸೋಂಕಿನ ಲಕ್ಷಣವಾಗಿರಬಹುದೆಂದು ಎಚ್ಚರಿಸಿದ್ದರು. ಆಗ ಆಸ್ಪತ್ರೆಗೆ ದಾಖಲಾದ ರೋಗಿಗಳಿಗೆ ಮಾತ್ರ ಗಂಟಲ ದ್ರವದ ಪರೀಕ್ಷೆ ನಡೆಯುತ್ತಿತ್ತು. ನಮ್ಮಂಥ ಸಿಬ್ಬಂದಿಗೆ ಅದು ಇನ್ನೂ ಸುಲಭವಾಗಿ ದೊರೆಯುತ್ತಿರಲಿಲ್ಲ. ನನಗೆ ಆ ಪರೀಕ್ಷೆಯನ್ನು ಅಮ್ಮನ ಬೇವಿನ ಹೂವೇ ಮಾಡಿ ಮುಗಿಸಿತ್ತು.

ಅಂದು ಆರಂಭವಾದ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿ ಎಂದರೆ ರಾತ್ರಿ. ಎರಡು ದಿನ ಮೊದಲು, ಮಾರ್ಚ್ 23ರ ರಾತ್ರಿ, ಇಲ್ಲಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ದೇಶವನ್ನು ಮನೆಯೊಳಗೆ ಕೂರುವಂತೆ ಆದೇಶಿಸಿದ್ದರು. ಯುಗಾದಿಯ ದಿನವೇ ಭಾರತದ 21 ದಿನಗಳ ಲಾಕ್‌ಡೌನ್ ಕೂಡ ಆರಂಭವಾಯಿತು. ನನ್ನ ಬದುಕಿನ ಎರಡೂ ಮನೆಗಳ ಬಾಗಿಲು ಒಂದೇ ವಾರದಲ್ಲಿ ಮುಚ್ಚಿಕೊಂಡವು.

ನಾನು ವೃದ್ಧರ ಚಿಕಿತ್ಸಾ ವಿಭಾಗದ ವೈದ್ಯ. ದಾವಣಗೆರೆಯಲ್ಲಿ ಎಂಬಿಬಿಎಸ್, ಬೆಂಗಳೂರಿನಲ್ಲಿ ಎಂಡಿ ಮುಗಿಸಿ, ಇಪ್ಪತ್ತು ವರ್ಷಗಳ ಹಿಂದೆ ಈ ದೇಶಕ್ಕೆ ಬಂದವನು. 1948ರ ಜುಲೈ 5ರಂದು ಆರಂಭವಾದ ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಎಂದರೆ ಎಲ್ಲರೂ ಎನ್‌ಎಚ್‌ಎಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಮುದುಕರ ವಾರ್ಡುಗಳನ್ನು ಕಟ್ಟಿ ಬೆಳೆಸಿದವರಲ್ಲಿ ನಮ್ಮ ಉಪಖಂಡದ ವೈದ್ಯರ ಪಾಲು ದೊಡ್ಡದು. ಸ್ಥಳೀಯ ವೈದ್ಯರು ಅಷ್ಟಾಗಿ ಬಯಸದಿದ್ದ ಈ ವಿಭಾಗವು ಹೊರಗಿನಿಂದ ಬಂದವರಿಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿತು. ಆ ಸಾಲಿನಲ್ಲಿ ನಾನೂ ಒಬ್ಬ.

ಜನವರಿ 31ರಂದು ಈ ದೇಶದ ಮೊದಲ ಎರಡು ಪ್ರಕರಣಗಳ ಸುದ್ದಿ ಬಂದಾಗ ನಾವು ಯಾರೂ ಊಟ ಬಿಟ್ಟು ಏಳಲಿಲ್ಲ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಮರುದಿನ ಕಲಬುರಗಿಯ ಹಿರಿಯರೊಬ್ಬರ ಸಾವು ಭಾರತದ ಮೊದಲ ಕೊರೊನಾ ಸಾವೆಂದು ದೃಢಪಟ್ಟಿತು. ಕರ್ನಾಟಕದ ಹೆಸರು ಬಿಬಿಸಿಯಲ್ಲಿ ಕೇಳಿಬಂದಾಗ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಟಿವಿಯ ಮುಂದೆ ಬಂದು ನಿಂತಳು. ಮಾರ್ಚ್ 18ರಂದು ಶಾಲಾ ಪರೀಕ್ಷೆಗಳು ರದ್ದಾದವು. 20ರ ಶುಕ್ರವಾರ ಶಾಲೆಗಳು ಮುಚ್ಚಿದವು. ಎ-ಲೆವೆಲ್ ಪರೀಕ್ಷೆಗೆಂದು ಎರಡು ವರ್ಷ ಓದಿದ್ದ ಮಗಳು, ಬರೆಯಲು ಪರೀಕ್ಷೆಯೇ ಇಲ್ಲವೆಂದು ತಿಳಿದು ನಕ್ಕಳು, ರಾತ್ರಿ ಅತ್ತಳು. ಲೀಡ್ಸ್‌ನಲ್ಲಿ ಓದುತ್ತಿದ್ದ ಮಗ ಒಂದು ಚೀಲ ಒಗೆಯದ ಬಟ್ಟೆಯೊಂದಿಗೆ ಮನೆಗೆ ಬಂದ. ಮೂರು ವರ್ಷಗಳ ನಂತರ ನಾವು ನಾಲ್ವರೂ ಒಂದೇ ಸೂರಿನಡಿ ಸೇರಿದ್ದೆವು. ಆ ಸಂತೋಷಕ್ಕೆ ದೊರೆತದ್ದು ಎರಡು ದಿನ. ಭಾನುವಾರ, ಇಲ್ಲಿ ತಾಯಂದಿರ ದಿನವೆಂದು ಆಚರಿಸುವ ಮಾರ್ಚ್ 22ರಂದು, ನನಗೆ ಜ್ವರ ಬಂದಿತು.

ಆಗಿನ ನಿಯಮದಂತೆ ಲಕ್ಷಣವಿದ್ದವರು ಏಳು ದಿನ, ಅವರ ಮನೆಯವರು ಹದಿನಾಲ್ಕು ದಿನ ಹೊರಗೆ ಕಾಲಿಡುವಂತಿರಲಿಲ್ಲ. ಮಹಡಿಯ ಕೋಣೆಯೂ ಅದರ ಪಕ್ಕದ ಬಚ್ಚಲೂ ನನ್ನ ಪಾಲಿಗೆ ಬಂದವು. ಉಳಿದ ಮನೆ ಅವರ ಮೂವರದು. ವೈದ್ಯನಾದವನಿಗೆ ತನ್ನ ರೋಗದ ಬಗ್ಗೆ ತಿಳಿದಿರುವುದು ವರವೋ ಶಾಪವೋ ಎಂದು ಆ ದಿನಗಳಲ್ಲಿ ಯೋಚಿಸಿದ್ದೇನೆ. ಈ ರೋಗಿಗಳು ಮೊದಲ ವಾರ ಸಾಧಾರಣವಾಗಿದ್ದು, ಎಂಟು ಹತ್ತನೆಯ ದಿನದ ಸುಮಾರಿಗೆ ಏಕಾಏಕಿ ಉಸಿರಾಟದ ತೊಂದರೆಗೆ ಬೀಳುತ್ತಿದ್ದುದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೆ. ಆದ್ದರಿಂದ ಜ್ವರ ಇಳಿಯುತ್ತಿದ್ದರೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ದಿನಕ್ಕೆ ನಾಲ್ಕು ಬಾರಿ ಅಂಕಿ ನೋಡುತ್ತಿದ್ದೆ. ಮಗ ಕೆಳಗಿನಿಂದ ಫೋನು ಮಾಡಿ, “ಅಪ್ಪ, ಎಷ್ಟು?” ಎಂದು ಕೇಳುತ್ತಿದ್ದ. ತೊಂಬತ್ತಾರು ಎಂದರೆ, “ಸರಿ” ಎಂದು ಇಡುತ್ತಿದ್ದ. ಅಮ್ಮನಿಗೆ ಹೇಳಲೆಂದು ಅವನು ಅದನ್ನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದನೆಂದು ಆಮೇಲೆ ತಿಳಿಯಿತು.

ಮನೆಯಲ್ಲಿ ಹಾಲು ಮುಗಿಯಿತು. ಅಂಗಡಿಗಳಲ್ಲಿ ಅಕ್ಕಿ, ಹಿಟ್ಟು, ಶೌಚಾಲಯದ ಕಾಗದ ಇವುಗಳ ಸಾಲುಗಳು ಬರಿದಾಗಿದ್ದ ದಿನಗಳು ಅವು. ಎದುರು ಮನೆಯಲ್ಲಿ ಎಪ್ಪತ್ತರ ಆಸುಪಾಸಿನ ಆಂಗ್ಲ ದಂಪತಿ ಇದ್ದಾರೆ. ಹನ್ನೊಂದು ವರ್ಷಗಳಿಂದ ನಮ್ಮ ಅವರ ಮಾತು ಹವಾಮಾನವನ್ನು ದಾಟಿದ್ದು ಕಡಿಮೆ. ಒಂದು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಹಾಲು, ಬ್ರೆಡ್ಡು, ಅರ್ಧ ಡಜನ್ ಮೊಟ್ಟೆ ಇದ್ದವು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ಆ ಮೊಟ್ಟೆಗಳನ್ನು ಎಸೆಯಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಅವು ಬಹಳ ದಿನ ಫ್ರಿಜ್ಜಿನಲ್ಲಿ ಹಾಗೆಯೇ ಇದ್ದವು. ದೇಶದ ಉದ್ದಗಲಕ್ಕೂ ಇಂತಹ ನೆರವು ಹರಿದು ಬರುತ್ತಿತ್ತು. ಎನ್‌ಎಚ್‌ಎಸ್‌ಗೆ ನೆರವಾಗಲು 2,50,000 ಸ್ವಯಂಸೇವಕರು ಬೇಕೆಂದು ಸರಕಾರ ಕರೆ ಕೊಟ್ಟರೆ ಕೆಲವೇ ದಿನಗಳಲ್ಲಿ 7,50,000 ಜನ ಹೆಸರು ಕೊಟ್ಟರು.

ಮಾರ್ಚ್ 26ರ ಗುರುವಾರ ರಾತ್ರಿ ಎಂಟು ಗಂಟೆಗೆ ಬೀದಿಯಲ್ಲಿ ಸದ್ದು ಕೇಳಿ ಎದ್ದು ಕುಳಿತೆ. ಕಿಟಕಿಯ ಪರದೆ ಸರಿಸಿದರೆ, ಪ್ರತಿ ಮನೆಯ ಬಾಗಿಲಲ್ಲೂ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆರೋಗ್ಯ ಸೇವೆಯವರಿಗೆ ಹೀಗೆ ವಂದಿಸೋಣವೆಂದು ಕರೆ ಕೊಟ್ಟವರು ಆನ್ಮರಿ ಪ್ಲಾಸ್ ಎಂಬ ಮಹಿಳೆ. ಅವರೂ ನೆದರ್ಲೆಂಡ್ಸ್‌ನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದವರು. ಎದುರು ಮನೆಯ ಹಿರಿಯರು ಬಾಣಲೆಯನ್ನು ಸೌಟಿನಿಂದ ಬಡಿಯುತ್ತ ನನ್ನ ಕಿಟಕಿಯತ್ತಲೇ ನೋಡುತ್ತಿದ್ದರು. ನನಗೆ ಕೈಯೆತ್ತಲು ನಾಚಿಕೆಯಾಯಿತು. ನನ್ನ ಸಹೋದ್ಯೋಗಿಗಳು ವಾರ್ಡಿನಲ್ಲಿದ್ದರು, ನಾನು ಹಾಸಿಗೆಯಲ್ಲಿದ್ದೆ. ಕೆಳಗೆ ನನ್ನ ಮನೆಯ ಬಾಗಿಲಲ್ಲಿ ನನ್ನ ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು. ಅವರ ಅಮ್ಮ ಒಳಗೆ ನನಗಾಗಿ ಗಂಜಿ ಕಾಯಿಸುತ್ತಿದ್ದಳು. ಅವಳಿಗೆ ಯಾರೂ ತಟ್ಟಲಿಲ್ಲ.

ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ವಿಚಿತ್ರವೆನಿಸಿದ್ದು ಇಲ್ಲಿಯವರ ‘ಥ್ಯಾಂಕ್ಯೂ’. ಬಸ್ಸಿನಿಂದ ಇಳಿಯುವವರು ಚಾಲಕನಿಗೆ ಹೇಳುತ್ತಾರೆ, ಮಗು ನೀರು ಕೊಟ್ಟ ತಾಯಿಗೆ ಹೇಳುತ್ತದೆ. ನಮ್ಮಲ್ಲಿ ಊಟ ಬಡಿಸಿದ ಅಮ್ಮನಿಗೆ ಧನ್ಯವಾದ ಹೇಳಿದರೆ, “ಏನಾಯ್ತೋ ನಿನಗೆ, ಹುಷಾರಿದ್ದೀಯಾ?” ಎಂದು ಹಣೆ ಮುಟ್ಟಿ ನೋಡುತ್ತಾರೆ. ಮನೆಯವರ ನಡುವೆ ಇರುವುದು ಋಣ, ಅದನ್ನು ಮಾತಿನಲ್ಲಿ ತೀರಿಸಲು ಹೋಗಬಾರದು ಎಂಬ ಭಾವನೆ ನಮ್ಮದು. ನಾನೂ ಹಾಗೆಯೇ ನಂಬಿದ್ದೆ. ಆದರೆ ಮಾತಿನಲ್ಲಿ ಹೇಳದಿದ್ದುದನ್ನು ಮನಸ್ಸಿನಲ್ಲಾದರೂ ಲೆಕ್ಕ ಇಟ್ಟಿದ್ದೆನೇ ಎಂಬ ಪ್ರಶ್ನೆ ಆ ಕೋಣೆಯಲ್ಲಿ ಎದ್ದಿತು. ಅದಕ್ಕೆ ಉತ್ತರ ದೊರೆತದ್ದು ಎರಡು ವಾರಗಳ ನಂತರ.

ಏಪ್ರಿಲ್ ಮೊದಲ ವಾರ ನಾನು ವಾರ್ಡಿಗೆ ಮರಳಿದೆ. ಉಸಿರು ಕೈಬಿಡಲಿಲ್ಲ. ಆ ಅದೃಷ್ಟ ಎಲ್ಲರಿಗೂ ಇರಲಿಲ್ಲ. ಮಾರ್ಚ್ 24ರಂದು ಪಾಕಿಸ್ತಾನ ಮೂಲದ ಡಾ. ಹಬೀಬ್ ಜೈದಿ, ಯುಗಾದಿಯ ದಿನವೇ ಸುಡಾನ್ ಮೂಲದ ಡಾ. ಆದಿಲ್ ಎಲ್ ತಯಾರ್, ಏಪ್ರಿಲ್ 6ರಂದು ಕಾರ್ಡಿಫ್‌ನಲ್ಲಿ ನಮ್ಮ ಭಾರತದವರೇ ಆದ ಹೃದಯ ಶಸ್ತ್ರಚಿಕಿತ್ಸಕ ಡಾ. ಜಿತೇಂದ್ರ ರಾಥೋಡ್ ತೀರಿಕೊಂಡರು. ಮೊದಮೊದಲು ಸತ್ತ ವೈದ್ಯರೆಲ್ಲರೂ ಹೊರಗಿನಿಂದ ಬಂದು ಇಲ್ಲಿ ಬೇರುಬಿಟ್ಟವರೇ ಎಂಬುದನ್ನು ನಾವು ಊಟದ ಕೋಣೆಯಲ್ಲಿ ಪರಸ್ಪರ ದೂರ ಕುಳಿತು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

ರೋಗಿಗಳನ್ನು ನೋಡಲು ಮನೆಯವರು ಬರುವಂತಿರಲಿಲ್ಲ. ನನ್ನ ವಾರ್ಡಿನಲ್ಲಿ ತೊಂಬತ್ತು ಸಮೀಪಿಸಿದ್ದ ಅಜ್ಜಿಯೊಬ್ಬರಿದ್ದರು. ಅವರ ಒಬ್ಬನೇ ಮಗ ಆಸ್ಟ್ರೇಲಿಯಾದಲ್ಲಿ. ಇಂಗ್ಲಿಷ್ ತಾಯಂದಿರ ಮಕ್ಕಳೂ ದೂರದೇಶಕ್ಕೆ ಹೋಗುತ್ತಾರೆ ಎಂಬ ಸರಳ ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ. ಕೊನೆಯ ಸಂಜೆ ಕೇರಳದ ನರ್ಸ್ ಒಬ್ಬಳು ಒಂದು ಕೈಯಲ್ಲಿ ಟ್ಯಾಬ್ಲೆಟ್ ಫೋನು, ಇನ್ನೊಂದು ಕೈಯಲ್ಲಿ ಅಜ್ಜಿಯ ಕೈ ಹಿಡಿದು ನಲವತ್ತು ನಿಮಿಷ ನಿಂತಿದ್ದಳು. ಆ ಕಡೆ ಮಗ ತನ್ನ ಬಾಲ್ಯದ ಯಾವುದೋ ಕಡಲತೀರದ ಕಥೆ ಹೇಳುತ್ತಿದ್ದ. ಎಲ್ಲ ಮುಗಿದ ಮೇಲೆ ನಾನು ಫೋನಿನಲ್ಲಿ ಅವನಿಗೆ ಸಾಂತ್ವನ ಹೇಳಲು ಹೋದರೆ, ಅವನು ಮೂರು ಸಲ ಥ್ಯಾಂಕ್ಯೂ ಎಂದ. “ನಾನು ಇರಬೇಕಾದ ಜಾಗದಲ್ಲಿ ನೀವಿದ್ದಿರಿ” ಎಂದ. ಮನೆಗೆ ಬರುವ ದಾರಿಯಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ.

ಏಪ್ರಿಲ್ 11ರ ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ಊರಿನಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ. ಆ ಹೊತ್ತಿನಲ್ಲಿ ಊರಿನಿಂದ ಬರುವ ಕರೆ ಏನೆಂದು ಪರದೇಶದಲ್ಲಿರುವ ಪ್ರತಿಯೊಬ್ಬನಿಗೂ ಗೊತ್ತು. ತಮ್ಮನ ದನಿ: “ಅಣ್ಣಾ, ಅಮ್ಮಂಗೆ ಉಸಿರು ಕಟ್ತಾ ಇದೆ. ಮಲಗಕ್ಕೆ ಆಗ್ತಿಲ್ಲ.”

ಎಂಬತ್ತೊಂದು ವರ್ಷದ ಅಮ್ಮನಿಗೆ ಹೃದಯದ ದೌರ್ಬಲ್ಯವಿದೆ. ಮೈಯಲ್ಲಿ ನೀರು ನಿಲ್ಲದಂತೆ ತಡೆಯುವ ಮಾತ್ರೆಯೊಂದನ್ನು ದಿನವೂ ನುಂಗಬೇಕು. ವೀಡಿಯೋ ಕರೆಯಲ್ಲಿ ನೋಡಿದೆ. ಮಂಚದಲ್ಲಿ ಎದ್ದು ಕುಳಿತಿದ್ದಾರೆ, ಕಾಲು ಊದಿವೆ, ನಿಮಿಷಕ್ಕೆ ಮೂವತ್ತನಾಲ್ಕು ಬಾರಿ ಉಸಿರು. ನಾನು ಎಣಿಸಿದೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾಗಲಿಲ್ಲ. ದಿನವೂ ಇಂತಹ ಹತ್ತು ರೋಗಿಗಳನ್ನು ನೋಡುವ ಎಂಡಿ ಪದವೀಧರ ಹೆತ್ತ ತಾಯಿಯ ಎದೆಗೆ ಸ್ಟೆತೊಸ್ಕೋಪ್ ಇಡಲಾರದೆ ಫೋನಿನ ಪರದೆಯನ್ನು ನೋಡುತ್ತ ಕುಳಿತಿದ್ದ. ಕೇಳಿದಾಗ ತಿಳಿಯಿತು, ಮಾತ್ರೆ ಮುಗಿದು ಐದು ದಿನಗಳಾಗಿದ್ದವು. ಲಾಕ್‌ಡೌನಿನಲ್ಲಿ ಮಗ ಹೊರಗೆ ಹೋಗಿ ಪೊಲೀಸರ ಕೈಗೆ ಸಿಕ್ಕಾನೆಂದು ಅಮ್ಮ ಬಾಯಿ ಬಿಟ್ಟಿರಲಿಲ್ಲ.

ತಮ್ಮ ಸ್ಕೂಟರ್ ತೆಗೆದುಕೊಂಡು ಹೊರಟ. ಎರಡು ಕಡೆ ಪೊಲೀಸರು ತಡೆದರು, ವಿಷಯ ಕೇಳಿ ಬಿಟ್ಟರು. ಊರಿನ ಹಿರಿಯ ವೈದ್ಯರೊಬ್ಬರನ್ನು ಎಬ್ಬಿಸಿ ಹಿಂದೆ ಕೂರಿಸಿಕೊಂಡು ಬಂದ. ತಮಗೇ ಎಪ್ಪತ್ತರ ಮೇಲಾಗಿದ್ದರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದ ಅವರು ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು, ಮೂತ್ರ ಹೋಗುವವರೆಗೂ ಒಂದೂವರೆ ಗಂಟೆ ಕುರ್ಚಿಯಲ್ಲಿ ಕುಳಿತಿದ್ದರು. ತಮ್ಮನ ಹೆಂಡತಿ ಅಮ್ಮನ ಬೆನ್ನಿಗೆ ದಿಂಬುಗಳನ್ನು ಒಟ್ಟಿ, ಕಾಲ ಮೇಲೆ ಸೆರಗು ಹೊದಿಸಿ, ಬೀಸಣಿಗೆ ಬೀಸುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಉಸಿರು ಇಪ್ಪತ್ತೆರಡಕ್ಕೆ ಇಳಿಯಿತು. ಅಮ್ಮ ಪರದೆಯಲ್ಲಿ ನನ್ನನ್ನು ಕಂಡು ಕೇಳಿದರು: “ಊಟ ಆಯ್ತೇನಪ್ಪಾ?”

ಬ್ರಿಟನ್ನಿನಿಂದ ಬರುವವರನ್ನು ಮಾರ್ಚ್ 18ರಿಂದಲೇ ಭಾರತ ತಡೆದಿತ್ತು. 22ರಿಂದ ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ ನಿಂತಿದ್ದವು. ಅಂದು ಕೆಟ್ಟದ್ದು ನಡೆದಿದ್ದರೆ ನಾನು ಹೋಗುವ ಮಾತೇ ಇರಲಿಲ್ಲ. ಇಪ್ಪತ್ತು ವರ್ಷ ನಾನು ನನಗೆ ಹೇಳಿಕೊಂಡು ಬಂದ ಸಮಾಧಾನವೊಂದಿತ್ತು: ಊರು ಒಂದು ದಿನದ ದಾರಿ. ಹೀಥ್ರೂವಿನಿಂದ ಬೆಂಗಳೂರಿಗೆ ಹತ್ತು ಗಂಟೆ, ಅಲ್ಲಿಂದ ಹೊಳಲ್ಕೆರೆಗೆ ನಾಲ್ಕೈದು ಗಂಟೆ. 2009ರಲ್ಲಿ ಅಪ್ಪ ತೀರಿಕೊಂಡಾಗ ಆ ಒಂದು ದಿನವೂ ಸಾಲಲಿಲ್ಲ. ನಾನು ಮುಟ್ಟುವಷ್ಟರಲ್ಲಿ, ಹಿರಿಯ ಮಗನಾದ ನಾನು ಮಾಡಬೇಕಾದ ಕ್ರಿಯೆಯನ್ನು ತಮ್ಮ ಮಾಡಿ ಮುಗಿಸಿದ್ದ. ಅಂದೂ ಅವನು ಒಂದು ಮಾತು ಆಡಲಿಲ್ಲ, ಇಂದೂ ಆಡಿಲ್ಲ. ಮೈಸೂರಿನಲ್ಲಿ ಸಿಗಬಹುದಾಗಿದ್ದ ಒಳ್ಳೆಯ ಕೆಲಸವನ್ನು ಬಿಟ್ಟು ಊರಿನ ಪ್ರೌಢಶಾಲೆಯಲ್ಲೇ ಮೇಷ್ಟರಾಗಿ ಉಳಿದದ್ದು ಯಾರಿಗಾಗಿ ಎಂದು ನಾನೂ ಕೇಳಲಿಲ್ಲ. ಹಣ ಕಳಿಸುತ್ತಿದ್ದೆನಲ್ಲ, ನನ್ನ ಪಾಲು ಮುಗಿಯಿತೆಂದುಕೊಂಡಿದ್ದೆ. ಈ ಬೀದಿಯ ಜನ ಗುರುವಾರ ಗುರುವಾರ ನನಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಇಲ್ಲಿ ನಿಂತು ಇತರರ ತಾಯಂದಿರನ್ನು ನೋಡಿಕೊಳ್ಳಲು ಸಾಧ್ಯವಾದದ್ದು ಅಲ್ಲಿ ಒಬ್ಬ ನನ್ನ ಜಾಗದಲ್ಲಿ ನಿಂತಿದ್ದರಿಂದ.

ಮರುದಿನ, ಏಪ್ರಿಲ್ 12ರ ಈಸ್ಟರ್ ಭಾನುವಾರ, ಆಸ್ಪತ್ರೆಗಳಲ್ಲಿನ ಸಾವಿನ ಸಂಖ್ಯೆ ಈ ದೇಶದಲ್ಲಿ 10,000 ದಾಟಿತು. ಅದೇ ದಿನ ಸೇಂಟ್ ಥಾಮಸ್ ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ ಬದುಕಿ ಬಂದ ಪ್ರಧಾನಿ, ರಾತ್ರಿಯಿಡೀ ತಮ್ಮ ಪಕ್ಕದಲ್ಲಿದ್ದ ಇಬ್ಬರು ನರ್ಸುಗಳನ್ನು ಹೆಸರು ಹಿಡಿದು ನೆನೆದರು. ನ್ಯೂಜಿಲೆಂಡಿನ ಜೆನ್ನಿ, ಪೋರ್ಚುಗಲ್ಲಿನ ಲೂಯಿಸ್. ಇಬ್ಬರೂ ಮನೆ ಬಿಟ್ಟು ಬಂದವರು. ಟಿವಿ ನೋಡುತ್ತಿದ್ದ ನನ್ನ ಮಗಳು, “ಅಪ್ಪ, ಚಿಕ್ಕಪ್ಪನಿಗೆ ನೀನು ಥ್ಯಾಂಕ್ಸ್ ಹೇಳಿದೆಯಾ?” ಎಂದು ಕೇಳಿದಳು. ಇಲ್ಲಿ ಹುಟ್ಟಿ ಬೆಳೆದವಳಿಗೆ ಅದು ಸಹಜವಾದ ಪ್ರಶ್ನೆ.

ಅಂದು ಸಂಜೆ ತಮ್ಮನಿಗೆ ಫೋನು ಮಾಡಿದೆ. ಅಮ್ಮನ ಕಾಲಿನ ಊತ, ಮಾತ್ರೆಯ ಪ್ರಮಾಣ, ಉಪ್ಪಿನಕಾಯಿ ಕೊಡಬಾರದೆಂಬ ಮಾತು ಎಲ್ಲ ಮುಗಿದ ಮೇಲೆ, ಐವತ್ತೈದು ವರ್ಷದ ನಾನು ತೊದಲುತ್ತ ಹೇಳಿದೆ: “ನೀನಿಲ್ಲದಿದ್ದರೆ ನಾನು ಇಲ್ಲಿರೋಕೆ ಆಗ್ತಿರಲಿಲ್ಲ ಕಣೋ. ಅಪ್ಪನ ಕಾಲದಿಂದಲೂ. ನಾನು ಹೇಳಿರಲಿಲ್ಲ.” ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನು ಹೇಳಿದ: “ಹನ್ನೊಂದು ವರ್ಷ ಆಯ್ತಲ್ಲಣ್ಣ.” ಮತ್ತೆ ಸುಮ್ಮನಾದ. ಆಮೇಲೆ, “ಇರಲಿ ಬಿಡು. ನೀನು ಮಾಸ್ಕ್ ಹಾಕ್ಕೊಂಡು ಹೋಗು” ಎಂದ. ‘ಹನ್ನೊಂದು ವರ್ಷ’ ಎಂಬ ಆ ಮಾತಿನಲ್ಲಿ ನೋವೂ ಇತ್ತು. ಅವನು ಅದನ್ನು ಇಷ್ಟು ದಿನ ಇಟ್ಟುಕೊಂಡಿದ್ದನೆಂದು ನನಗೆ ತಿಳಿದಿರಲಿಲ್ಲ.

ಇದನ್ನು ಓದುತ್ತಿರುವ ಕಿರಿಯರಲ್ಲಿ ಹಲವರು ಹೊರದೇಶಕ್ಕೆ ಹೊರಡುವ ಸಿದ್ಧತೆಯಲ್ಲಿರಬಹುದು. ನಾನು ಬೇಡವೆನ್ನುವುದಿಲ್ಲ, ಈ ದೇಶ ನನಗೆ ಕೊಟ್ಟದ್ದನ್ನು ಅಲ್ಲಗಳೆದರೆ ಅದೂ ಕೃತಘ್ನತೆಯೇ. ಆದರೆ ದಾರಿ ಹೀಗೂ ಮುಚ್ಚುತ್ತದೆಂಬುದು ತಿಳಿದಿರಲಿ. 2020ರ ಆ ದಿನಗಳಲ್ಲಿ ಪ್ಲಾಬ್ ಎರಡನೆಯ ಹಂತದ ಪರೀಕ್ಷೆಗೆಂದು ಬಂದ ನಮ್ಮ ತರುಣ ವೈದ್ಯರು, ಪರೀಕ್ಷೆಯೂ ರದ್ದಾಗಿ, ವಿಮಾನವೂ ಇಲ್ಲದೆ, ಬಾಡಿಗೆ ಕೋಣೆಗಳಲ್ಲಿ ಕುಳಿತಿದ್ದರು. ಹೊರಡುವ ಮುನ್ನ ವೀಸಾ, ಸಂಬಳಗಳ ಲೆಕ್ಕ ಹಾಕುವಂತೆಯೇ ಇನ್ನೊಂದು ಲೆಕ್ಕವನ್ನೂ ಹಾಕಿ: ನಿಮ್ಮ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಅಣ್ಣನೋ, ತಂಗಿಯೋ, ಪಕ್ಕದ ಮನೆಯವರೋ, ಅವರೊಡನೆ ಕುಳಿತು ಬಾಯಿಬಿಟ್ಟು ಮಾತಾಡಿ. ಅವರು ಬಿಟ್ಟುಕೊಡುತ್ತಿರುವುದೇನೆಂದು ಕೇಳಿ. ತಂದೆತಾಯಿಯ ಔಷಧಗಳ ಪಟ್ಟಿ ಗೋಡೆಯ ಮೇಲಿರಲಿ, ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ, ಹತ್ತಿರದ ವೈದ್ಯರ ಫೋನ್ ನಂಬರ್ ನಿಮ್ಮ ಬಳಿಯೂ ಇರಲಿ. ಈ ಮೂರನ್ನು ನಾನು ನೂರಾರು ರೋಗಿಗಳ ಮನೆಯವರಿಗೆ ಹೇಳಿದ್ದೇನೆ, ನನ್ನ ಮನೆಯಲ್ಲಿ ಮಾಡಿರಲಿಲ್ಲ.

ಇದನ್ನು ಬರೆದದ್ದು 2020ರ ಏಪ್ರಿಲ್ ತಿಂಗಳ ಕೊನೆಯ ವಾರ. ಆಗ ವಿಮಾನಗಳು ಇನ್ನೂ ಹಾರುತ್ತಿರಲಿಲ್ಲ. ಅಮ್ಮ ಜಗುಲಿಯವರೆಗೆ ನಡೆದು ಬರುತ್ತಾರೆ. ಎದುರು ಮನೆಯವರಿಗೆ ನನ್ನ ಹೆಂಡತಿ ಪ್ರತಿ ಶನಿವಾರ ಒಂದು ಡಬ್ಬಿ ಚಿತ್ರಾನ್ನ ಕೊಡುತ್ತಾಳೆ, ಖಾರ ಕಡಿಮೆ ಮಾಡಿ. ಒಂದು ಸಂಜೆ ಅವಳು ಒಗ್ಗರಣೆ ಹಾಕುತ್ತಿದ್ದಾಗ ನನಗೆ ಸಾಸಿವೆ ಸಿಡಿದ ಸದ್ದಿನ ಹಿಂದೆಯೇ ಇಂಗಿನ ವಾಸನೆ ತೆಳ್ಳಗೆ ಬಂತು. ಗಂಟಿನಲ್ಲಿ ಉಳಿದಿದ್ದ ಬೇವಿನ ಹೂವಿನಲ್ಲಿ ಒಂದೆರಡನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಕಹಿಯಾಗಿತ್ತು. ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಮತ್ತೆ, ಬೇವು ಕಹಿ ಇರದೆ ಇನ್ನೇನಿರುತ್ತೆ?” ಎಂದು ಅಮ್ಮ ನಕ್ಕರು.